ರಾಣಿಗಿಂತ ಮೊದಲೇ ಹೊರಟ ದಿಂಬು

ಬಹಳ ಹಿಂದೆ, ಕಡಲು ಇನ್ನೂ ಇಷ್ಟು ಅಗಲವಾಗಿರದ ಕಾಲದಲ್ಲಿ, ಏಳುಬಾವಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ನಿಜಕ್ಕೂ ಏಳು ಬಾವಿಗಳಿದ್ದವೋ ಆರೇ ಇದ್ದವೋ ನನಗೆ ಗೊತ್ತಿಲ್ಲ, ಎಣಿಸಿದವರು ಯಾರೂ ಈಗ ಬದುಕಿಲ್ಲ. ಆ ರಾಜ್ಯವನ್ನು ಬಾಚಲದೇವಿ ಎಂಬ ರಾಣಿ ಆಳುತ್ತಿದ್ದಳು. ಗಂಡ ತೀರಿಹೋದ ಮೇಲೆ ಹನ್ನೆರಡು ವರ್ಷ ಅವಳು ಒಂದು ದಿನವೂ ಬಿಡುವು ಕಂಡಿರಲಿಲ್ಲ. ಹಸು ಕಳೆದುಕೊಂಡವನಿಗೂ ಅವಳೇ ಬೇಕು, ಅತ್ತೆ ಸೊಸೆ ಜಗಳಕ್ಕೂ ಅವಳೇ ಬೇಕು. ಎಲ್ಲರಿಗಿಂತ ಮೊದಲು ಏಳುವಳು, ಎಲ್ಲರೂ ಮಲಗಿದ ಮೇಲೆ ಮಲಗುವಳು. ಹೀಗೇ ಇದ್ದು ಇದ್ದು, ಕೊನೆಗೆ ನಿದ್ದೆಯೇ ಅವಳ ಮನೆಯ ದಾರಿ ಮರೆತುಬಿಟ್ಟಿತು.

ಒಂದು ತಿಂಗಳಾಯಿತು, ಎರಡು ತಿಂಗಳಾಯಿತು, ರಾಣಿಯ ರೆಪ್ಪೆ ಮುಚ್ಚಲಿಲ್ಲ. ಕಣ್ಣು ಗುಳಿ ಬಿದ್ದವು, ಕೈ ನಡುಗತೊಡಗಿತು. ವೈದ್ಯ ಸೋವಣ್ಣ ನಾಡಿ ನೋಡಿ, ರಾಣಿಯ ಒಬ್ಬನೇ ಮಗ ಬಮ್ಮರಸನನ್ನು ಪಕ್ಕಕ್ಕೆ ಕರೆದ.

“ಯುವರಾಜರೇ, ನನ್ನ ಗಿಡಮೂಲಿಕೆ ಎಲ್ಲ ಮುಗೀತು. ಭೂಮಧ್ಯ ಸಮುದ್ರದಲ್ಲಿ ಬಿಳಿಗಂಬದ ದ್ವೀಪ ಅಂತ ಒಂದಿದೆ. ಅಲ್ಲಿ ಸಾವಿರ ವರ್ಷದ ಹಿಂದಿನ ಅರಮನೆ ಪಾಳುಬಿದ್ದಿದೆ. ಆ ಮುರಿದ ಕಂಬಗಳ ನಡುವೆ ಬೀಸೋ ಗಾಳಿಗೆ ಎಂಥವರಿಗೂ ನಿದ್ದೆ ಬರುತ್ತಂತೆ. ಈ ಹುಣ್ಣಿಮೆಯೊಳಗೆ ಅಮ್ಮಾವರನ್ನ ಅಲ್ಲಿಗೆ ಕರ್ಕೊಂಡು ಹೋಗಿ, ಹಾಯಾಗಿ ನಾಲ್ಕು ದಿನ ಇರಿಸಿ. ಇಲ್ಲದಿದ್ರೆ...” ಎಂದು ವೈದ್ಯ ತಲೆ ತಗ್ಗಿಸಿದ. ಬಮ್ಮರಸನಿಗೆ ಉಳಿದ ಮಾತು ಅರ್ಥವಾಯಿತು.

ಅಂದಿನಿಂದ ಅರಮನೆಯಲ್ಲಿ ವಿಹಾರದ ಸಿದ್ಧತೆ ಶುರುವಾಯಿತು. ಶುರುವಾಯಿತು ಎಂದೆ, ಮುಗಿಯಿತು ಎನ್ನಲಿಲ್ಲ. ಅಡುಗೆಯವನು ರುಬ್ಬುಗುಂಡು ಇಲ್ಲದೆ ಹಡಗು ಹತ್ತುವುದಿಲ್ಲ ಎಂದ. ಮಂತ್ರಿ ಮಾಚಯ್ಯ, “ಹೋದ ಕಡೆ ಹುಣಸೆಹಣ್ಣು ಸಿಕ್ಕದಿದ್ರೆ?” ಎಂದು ಹತ್ತು ಗಡಿಗೆ ಹುಣಸೆಹಣ್ಣು ತುಂಬಿಸಿದ. ಬಿಸಿಲಿಗೆ ಕೊಡೆ, ಕೊಡೆಗೆ ಚೀಲ, ಚೀಲ ಹೊರಲು ಆಳು, ಆಳಿಗೆ ಬುತ್ತಿ. ಬಮ್ಮರಸನೂ ಕಡಿಮೆಯವನಲ್ಲ. ಮೊದಲ ದಿನ ಯಾವ ಕಂಬ ನೋಡುವುದು, ಎರಡನೆಯ ದಿನ ಯಾವ ಆಲಿವ್ ಮರದ ಕೆಳಗೆ ಊಟ ಎಂಬುದನ್ನೆಲ್ಲ ಓಲೆಗರಿಯಲ್ಲಿ ಬರೆದಿಟ್ಟ. ಮದುವೆಗಿಂತ ಚಪ್ಪರವೇ ದೊಡ್ಡದಾಯಿತು, ಹುಣ್ಣಿಮೆಗೆ ನಾಲ್ಕೇ ದಿನ ಉಳಿಯಿತು.

ಜೋಯಿಸರು ಪಂಚಾಂಗ ತೆಗೆದು, “ನಾಳೆ ಬುಧವಾರ ಬೆಳಗ್ಗೆ ಒಂದೇ ಒಳ್ಳೇ ಗಳಿಗೆ ಇರೋದು. ಅದು ತಪ್ಪಿದ್ರೆ ಇಲ್ಲ” ಎಂದರು. ಸಾಮಾನು ಇನ್ನೂ ಅರ್ಧ ಕಟ್ಟಿರಲಿಲ್ಲ. ಏನು ಮಾಡುವುದು?

ಏಳುಬಾವಿಯವರಿಗೆ ಇದಕ್ಕೊಂದು ಉಪಾಯ ಗೊತ್ತಿತ್ತು. ಗಳಿಗೆ ಒಳ್ಳೆಯದಿದ್ದು ಆಳು ಹೊರಡಲು ಆಗದಿದ್ದರೆ, ಆ ಗಳಿಗೆಗೆ ಸರಿಯಾಗಿ ಅವರದೊಂದು ವಸ್ತುವನ್ನು ಒಯ್ದು ಬೇರೆ ಮನೆಯಲ್ಲಿ ಇಟ್ಟು ಬರುತ್ತಾರೆ. ಅದಕ್ಕೆ ಪರಸ್ಥಾನ ಎನ್ನುತ್ತಾರೆ. ವಸ್ತು ಹೊಸಿಲು ದಾಟಿತೆಂದರೆ ಆಳೇ ಹೊರಟಂತೆ. ಆದರೆ ಮೂರು ದಿನದೊಳಗೆ ಆಳು ಹೋಗಿ ಆ ವಸ್ತುವನ್ನು ಸೇರಿಕೊಳ್ಳಬೇಕು. ಇಲ್ಲವಾದರೆ ಪಯಣ ಕೆಟ್ಟಿತು, ಇನ್ನೊಂದು ವರ್ಷ ಹೊರಡುವ ಹಾಗಿಲ್ಲ.

ಬಮ್ಮರಸ ತಾಯಿಯ ದಿಂಬನ್ನು ಆರಿಸಿದ. ಅದು ಅಜ್ಜಿ ಬೂರುಗದ ಹತ್ತಿ ತುಂಬಿ, ಮೂಲೆಯಲ್ಲಿ ಗಿಳಿ ಹೊಲಿದುಕೊಟ್ಟ ದಿಂಬು. ರಾಣಿ ಹುಟ್ಟಿದಾಗಿನಿಂದ ಬೇರೆ ದಿಂಬಿಗೆ ತಲೆ ಕೊಟ್ಟವಳಲ್ಲ. ಅದನ್ನು ಎತ್ತಿಕೊಂಡು ಅವನು ಬಂದರಿನ ಕಾವಲುಗಾರನ ಮನೆಗೆ ಓಡಿದ. ಮನೆಗೆ ಬೀಗ. ಕಾವಲುಗಾರ ಸ್ನಾನಕ್ಕೆ ಹೋಗಿದ್ದ. ಗಳಿಗೆ ಜಾರುತ್ತಿತ್ತು. ಎದುರಿಗೇ ರಾಣಿಯ ದೋಣಿ ನಿಂತಿತ್ತು. ಬಮ್ಮರಸ ಹಿಂದುಮುಂದು ನೋಡದೆ ದೋಣಿಯ ಪರದೆ ಸರಿಸಿ ದಿಂಬನ್ನು ಒಳಗಿಟ್ಟು, ವಾಡಿಕೆಯಂತೆ ಗಟ್ಟಿಯಾಗಿ, “ರಾಣಿಯವರು ಹೊರಟರು!” ಎಂದು ಕೂಗಿ ಮನೆಗೆ ಬಂದ.

ದೋಣಿಯ ಮೂತಿಯಲ್ಲಿ ಕೂತಿದ್ದ ಅಂಬಿಗ ದುಗ್ಗಣ್ಣ ಬಹಳ ಮರ್ಯಾದಸ್ಥ. ರಾಣಿಯವರು ಪರದೆಯ ಹಿಂದೆ ಕೂತಿರುವಾಗ ತಿರುಗಿ ನೋಡುವುದು ಅಂಬಿಗನಿಗೆ ಭೂಷಣವಲ್ಲ ಎಂದುಕೊಂಡು, ಲಂಗರು ಎತ್ತಿ, ಹಾಯಿ ಬಿಚ್ಚಿ ಹೊರಟೇಬಿಟ್ಟ. ಬಮ್ಮರಸ ಉಪ್ಪರಿಗೆಯಿಂದ ನೋಡುವಾಗ ದೋಣಿ ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು.

“ಅಮ್ಮಾ, ನಾನು ಕೆಟ್ಟೆ! ನಿನ್ನನ್ನೂ ಕೆಡಿಸಿದೆ!” ಎಂದು ಅವನು ತಲೆ ಚಚ್ಚಿಕೊಂಡ.

ರಾಣಿ ನಡುಗುವ ಕೈಯಿಂದ ಅವನ ತಲೆ ಸವರಿದಳು. “ಅಳಬೇಡ ಮಗನೇ. ನಾನು ಹೊರಟಾಯ್ತಲ್ಲ, ಇನ್ನು ಹೋಗಿ ಸೇರಿಕೊಳ್ಳೋದು ತಾನೇ? ನಡಿ.”

ರುಬ್ಬುಗುಂಡು ಅಲ್ಲೇ ಉಳಿಯಿತು. ಹುಣಸೆಹಣ್ಣಿನ ಗಡಿಗೆಗಳೂ ಓಲೆಗರಿಯೂ ಅಲ್ಲೇ ಉಳಿದವು. ಮೀನುಗಾರರ ಪುಟ್ಟ ದೋಣಿಯಲ್ಲಿ ಒಂದು ಬುತ್ತಿ ಮೊಸರನ್ನ ಇಟ್ಟುಕೊಂಡು ತಾಯಿ ಮಗ ಕಡಲಿಗಿಳಿದರು.

ಮೊದಲ ದಿನ, ಗುಡ್ಡದಷ್ಟು ದೊಡ್ಡ ಮೀನೊಂದು ಎದ್ದು ಬಾಯಿ ತೆರೆಯಿತು.

“ಯಾರು ಬರೋದು? ಯಾಕೆ ಬರೋದು?”

“ನಮ್ಮಮ್ಮ ಬರೋದು. ನಿದ್ದೆ ಮಾಡೋದಕ್ಕೆ ಬರೋದು” ಎಂದ ಬಮ್ಮರಸ.

“ನನಗೆ ಹಸಿವು. ನಿಮ್ಮನ್ನ ನುಂಗ್ತೀನಿ.”

“ನುಂಗೋಕೆ ಮೊದಲು ನಮ್ಮ ಊಟದ ರುಚಿ ನೋಡು” ಎಂದು ಅವನು ಬುತ್ತಿ ಬಿಚ್ಚಿ ಪೂರ್ತಿ ಮೊಸರನ್ನವನ್ನು ಅದರ ಬಾಯಿಗೆ ಸುರಿದ. ಹುಟ್ಟಿದಾಗಿನಿಂದ ಉಪ್ಪುನೀರು ಕುಡಿದ ಮೀನು. ಇಂಗು, ಶುಂಠಿ, ತಂಪು ಮೊಸರು ನಾಲಿಗೆಗೆ ತಾಗಿದ್ದೇ ತಡ, ಕಣ್ಣು ಮುಚ್ಚಿ ಚಪ್ಪರಿಸಿತು. “ಹುಳಿ ಸ್ವಲ್ಪ ಹೆಚ್ಚಾಯ್ತು” ಎಂದು ಕೊಂಕು ತೆಗೆದರೂ, ದೋಣಿಯನ್ನು ಬೆನ್ನ ಮೇಲೆ ಹೊತ್ತು ಸಂಜೆಯವರೆಗೆ ಸಾಗಿಸಿತು.

ಎರಡನೆಯ ದಿನ ಮಧ್ಯಾಹ್ನ, ಹೆಣ್ಣಿನ ಮುಖದ ಹಕ್ಕಿಯೊಂದು ಬಂಡೆಯ ಮೇಲೆ ಕೂತಿತ್ತು.

“ಯಾರು ಬರೋದು? ಯಾಕೆ ಬರೋದು?”

“ನಮ್ಮಮ್ಮ ಬರೋದು. ನಿದ್ದೆ ಮಾಡೋದಕ್ಕೆ ಬರೋದು.”

“ನಿದ್ದೆ ತಾನೇ?” ಎಂದು ಹಕ್ಕಿ ನಕ್ಕಿತು. “ಅದಕ್ಕೆ ನಾನೇ ಸಾಕು.” ಅದು ಜೋಗುಳ ಹಾಡಿತು. ಅದನ್ನು ಕೇಳಿದವರು ನಿದ್ದೆಗೆ ಬೀಳುತ್ತಿದ್ದರು, ದೋಣಿ ಬಂಡೆಗೆ ಬಡಿದು ಚೂರಾಗುತ್ತಿತ್ತು. ಬಮ್ಮರಸ ಹುಟ್ಟು ಹಿಡಿದ ಹಾಗೇ ಗೊರಕೆ ಹೊಡೆದ. ರಾಣಿ ಮಾತ್ರ ಗಲ್ಲಕ್ಕೆ ಕೈಕೊಟ್ಟು, ಈಗಲಾದರೂ ಬಂದೀತೇನೋ ಎಂದು ಆಸೆಯಿಂದ ಕೇಳುತ್ತ ಕೂತಳು. ಹಕ್ಕಿ ಒಂದು ಹಾಡು ಮುಗಿಸಿತು, ಎರಡು ಮುಗಿಸಿತು, ಮೂರು ಮುಗಿಸಿತು.

“ಚೆನ್ನಾಗಿದೆ ತಾಯೀ, ಇನ್ನೊಂದು ಹಾಡು” ಎಂದಳು ರಾಣಿ.

ಹಕ್ಕಿಯ ಗಂಟಲು ಕಟ್ಟಿತು. ತನ್ನ ಹಾಡಿಗೂ ಬಗ್ಗದ ಆ ಕಣ್ಣುಗಳನ್ನು ನೋಡಿ ಅದಕ್ಕೇ ಅಳು ಬಂತು. “ಹೋಗವ್ವ, ಹೋಗು. ನಿನ್ನ ಕಷ್ಟ ನನ್ನ ಕೈ ಮೀರಿದ್ದು” ಎಂದು ದಾರಿ ಬಿಟ್ಟಿತು. ಮಗನ ಕೈಯಿಂದ ಹುಟ್ಟು ಬಿಡಿಸಿಕೊಂಡು ರಾಣಿಯೇ ದೋಣಿ ನಡೆಸಿದಳು.

ಮೂರನೆಯ ದಿನ ಬೆಳಗ್ಗೆ ಬಿಳಿಗಂಬದ ದ್ವೀಪ ಕಂಡಿತು. ಅಷ್ಟರಲ್ಲಿ ರಾಣಿಗೆ ನಿಲ್ಲುವ ಶಕ್ತಿಯೂ ಉಳಿದಿರಲಿಲ್ಲ. ಬಮ್ಮರಸ ತಾಯಿಯನ್ನು ಬೆನ್ನ ಮೇಲೆ ಹೊತ್ತು ದಡ ಹತ್ತಿದ. ಪಾಳು ಅರಮನೆಯ ಬಾಗಿಲಲ್ಲಿ ಆನೆಯಂಥ ಹೋರಿಯೊಂದು ಕೊಂಬು ತಗ್ಗಿಸಿ ನಿಂತಿತ್ತು.

“ಯಾರು ಬರೋದು? ಯಾಕೆ ಬರೋದು?”

“ನಮ್ಮಮ್ಮ ಬರೋದು. ನಿದ್ದೆ ಮಾಡೋದಕ್ಕೆ ಬರೋದು.”

ಹೋರಿ ಕಾಲು ಕೆರೆಯಿತು. ಆದರೆ ಬಮ್ಮರಸ ಏಳುಬಾವಿಯಲ್ಲಿ ಹುಟ್ಟಿದವನು, ಹೋರಿಯನ್ನು ಹೇಗೆ ಮಾತಾಡಿಸಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾಯಿಯನ್ನು ಇಳಿಸಿ, ಹತ್ತಿರ ಹೋಗಿ, ಅದರ ಕತ್ತಿನ ಕೆಳಗಿನ ಗಂಗೆದೊಗಲನ್ನು ಮೆಲ್ಲಗೆ ತುರಿಸಿದ. ಸಾವಿರ ವರ್ಷದಿಂದ ಯಾರೂ ತುರಿಸಿರದ ಗಂಗೆದೊಗಲು! ಹೋರಿ ಕತ್ತು ಚಾಚಿ ಉಸ್ಸೆಂದಿತು.

“ಒಳ್ಳೇ ಹುಡುಗ ನೀನು, ಹೇಳ್ತೀನಿ ಕೇಳು. ಒಳಗೆ ಪಾಷಾಣಕೇತು ಅಂತ ಮಂತ್ರವಾದಿ ಇದ್ದಾನೆ. ಅವನಿಗೆ ರಾಜನಾಗೋ ಆಸೆ, ಪ್ರಜೆಗಳ ದೂರು ಕೇಳೋಕೆ ಮಾತ್ರ ಸೋಮಾರಿತನ. ಅದಕ್ಕೇ ಇಲ್ಲಿಗೆ ವಿಹಾರಕ್ಕೆ ಬಂದವರ ಹೆಸರು ಹಿಡಿದು ಕೂಗಿ ಕಲ್ಲು ಮಾಡ್ತಾನೆ. ಕಲ್ಲು ದೂರು ಹೇಳೋದಿಲ್ಲ ನೋಡು. ಅವನ ಶಾಪ ಒಬ್ಬರ ಮೇಲೆ ಒಂದೇ ಸಲ. ಎರಡನೇ ಸಲ ಹಾಕಿದ್ರೆ ಅವನಿಗೇ ತಿರುಗುತ್ತೆ. ಆದ್ರೆ ಕಲ್ಲಾದವರಿಗೆ ಯಾರು ಮತ್ತೆ ಶಾಪ ಹಾಕ್ತಾರೆ?”

ಬಮ್ಮರಸ ತಾಯಿಯ ಕಡೆ ತಿರುಗಿದ. ಮುಂದೆ ಹೋದರೆ ಕಲ್ಲು. ಹಿಂದಕ್ಕೆ ಹೋದರೆ ತಾಯಿ ಉಳಿಯುವುದಿಲ್ಲ. ಅಷ್ಟರಲ್ಲಿ ದುಗ್ಗಣ್ಣ ಅಳುತ್ತ ಓಡಿಬಂದು ರಾಣಿಯ ಕಾಲಿಗೆ ಬಿದ್ದ.

“ತಾಯೀ, ನೀವು ಇಲ್ಲಿದ್ದೀರಾ! ನೀವು ಪರದೆ ಹಿಂದೆ ಇದ್ದೀರಿ ಅಂತ್ಲೇ ತಿಳ್ಕೊಂಡಿದ್ದೆ. ನಿನ್ನೆ ಆ ಪಾಪಿ ಬಂದು ಯಾರು ಬಂದಿರೋದು ಅಂದ. ಏಳುಬಾವಿಯ ರಾಣಿ ಬಾಚಲದೇವಿಯವರು ಅಂದೆ. ಪರದೆ ಕಡೆಗೆ ಕೋಲು ಚಾಚಿ ನಿಮ್ಮ ಹೆಸರು ಕೂಗಿದ. ಅವನು ಹೋದಮೇಲೆ ನೋಡ್ತೀನಿ, ನೀವಿಲ್ಲ. ನಿಮ್ಮ ದಿಂಬು ಕಲ್ಲಾಗಿ ಬಿದ್ದಿದೆ!”

“ನಿನ್ನನ್ಯಾಕೆ ಬಿಟ್ಟ?” ಎಂದ ಬಮ್ಮರಸ.

“ಅಂಬಿಗರನ್ನ ಕಲ್ಲು ಮಾಡಿದ್ರೆ ಜನರನ್ನ ತಂದು ಕೊಡೋರ್ಯಾರು ಬುದ್ಧಿ?”

ಗದ್ದಲ ಕೇಳಿ ಪಾಷಾಣಕೇತು ಹೊರಗೆ ಬಂದ. ಅವನ ಹಿಂದೆ, ಮುರಿದ ಕಂಬಗಳ ನಡುವೆ, ನೂರಾರು ಕಲ್ಲಿನ ಜನ ನಿಂತಿದ್ದರು. ಕೆಲವರ ಬಗಲಲ್ಲಿ ಗಂಟುಮೂಟೆಯೂ ಇತ್ತು.

“ಯಾರು ನೀನು?” ಎಂದು ಅವನು ರಾಣಿಯನ್ನು ಗದರಿದ.

“ಬಾಚಲದೇವಿ.”

“ಅವಳಿಗೆ ನಿನ್ನೆಯೇ ಶಾಪ ಹಾಕಿದೆನಲ್ಲ!” ಮಂತ್ರವಾದಿ ದೋಣಿಗೆ ಹೋಗಿ ಪರದೆ ಕಿತ್ತೆಸೆದ. ಕಲ್ಲಿನ ದಿಂಬು ನೋಡಿ ಹೊಟ್ಟೆ ಹಿಡಿದು ನಕ್ಕ. “ದಿಂಬು! ದಿಂಬಿಗೆ ಹಾಕಿದ ಶಾಪ ರಾಣಿಗೆ ತಟ್ಟುತ್ತದೆಯೇ? ನಿನ್ನ ಪಾಲಿನದು ಇನ್ನೂ ಹಾಗೇ ಇದೆ” ಎಂದು ಕೋಲು ಎತ್ತಿದ.

ಬಮ್ಮರಸ ತಾಯಿಗೆ ಅಡ್ಡ ನಿಂತ. ಅವನಿಗೆ ಹೋರಿಯ ಮಾತು ನೆನಪಿತ್ತು, ದಿಂಬು ಹೊರಟರೆ ಅಮ್ಮನೇ ಹೊರಟಂತೆ ಎಂಬ ಪರಸ್ಥಾನದ ವಾಡಿಕೆಯೂ ಗೊತ್ತಿತ್ತು. ಆದರೆ ಊರಿನ ವಾಡಿಕೆಯನ್ನು ಈ ದೂರದ ದ್ವೀಪದ ಮಾಯೆ ಒಪ್ಪುತ್ತದೆಯೇ? ಒಪ್ಪದಿದ್ದರೆ?

ರಾಣಿ ಮಗನ ಭುಜ ಹಿಡಿದು ಎದ್ದು ನಿಂತಳು. “ಪಕ್ಕಕ್ಕೆ ಸರಿ, ಮಗನೇ.”

“ಬೇಡಮ್ಮ, ನಾನು ಸರಿಯೋದಿಲ್ಲ.”

“ಬುಧವಾರ ಒಳ್ಳೇ ಗಳಿಗೆಯಲ್ಲಿ ನನ್ನನ್ನ ಕಳಿಸಿದ್ದು ಯಾರು?”

“ನಾನು.”

“ಮತ್ತೆ? ನೀನು ಕಳಿಸಿದೆ, ನಾನು ಬಂದಾಯ್ತು. ಸರಿ ಪಕ್ಕಕ್ಕೆ.”

ಬಮ್ಮರಸ ಕಣ್ಣು ಮುಚ್ಚಿಕೊಂಡು ಸರಿದ.

“ಬಾಚಲದೇವಿ, ಕಲ್ಲಾಗು!” ಎಂದು ಮಂತ್ರವಾದಿ ಕೂಗಿದ.

ಗಾಳಿ ನಿಂತಿತು. ಬಮ್ಮರಸ ಕಣ್ಣು ಬಿಡಲಿಲ್ಲ. ಆಮೇಲೆ ಅವನ ತಲೆಯ ಮೇಲೆ ಒಂದು ಕೈ ಬಂತು. ಅದು ಬೆಚ್ಚಗಿತ್ತು, ನಡುಗುತ್ತಿತ್ತು. ಕಣ್ಣು ಬಿಟ್ಟು ನೋಡಿದರೆ, ಕೋಲು ಎತ್ತಿದ ಭಂಗಿಯಲ್ಲೇ ಪಾಷಾಣಕೇತು ಕರಿಕಲ್ಲಾಗಿದ್ದ. ಬಮ್ಮರಸ ತಾಯಿಯ ಕಾಲು ಹಿಡಿದು ಗೊಳೋ ಎಂದು ಅತ್ತ. ಅದು ದುಃಖದ ಅಳುವಲ್ಲ, ಎದೆಯ ಭಾರ ಇಳಿದ ಅಳು.

ಮಂತ್ರವಾದಿಯ ಮಾಯೆ ಕಳಚಿ, ಕಂಬಗಳ ನಡುವೆ ಕಲ್ಲಾಗಿದ್ದವರೆಲ್ಲ ಒಬ್ಬೊಬ್ಬರಾಗಿ ಮೈ ಮುರಿದರು. “ಅಯ್ಯೋ, ನಾಲ್ಕು ದಿನಕ್ಕೆ ಅಂತ ಬಂದಿದ್ದೆವಲ್ಲ, ಮನೆಯಲ್ಲಿ ಏನಂದುಕೊಂಡರೋ!” ಎಂದು ಗದ್ದಲವೋ ಗದ್ದಲ. ಕೆಲವರು ರಾಣಿ ಎಂದು ತಿಳಿದದ್ದೇ ಅಭ್ಯಾಸಬಲದಿಂದ ದೂರು ಹೇಳಲು ಸಾಲುಗಟ್ಟಿದರು.

“ಶ್!” ಎಂದ ಬಮ್ಮರಸ, ಎರಡೂ ಕೈ ಅಗಲಿಸಿ. “ದೂರು ಏನಿದ್ದರೂ ನನಗೆ ಹೇಳಿ. ಇನ್ನು ಮೇಲೆ ನಾನು ಕೇಳ್ತೀನಿ.”

ದುಗ್ಗಣ್ಣ ದಿಂಬು ತಂದ. ಅದು ಮತ್ತೆ ಹತ್ತಿಯಾಗಿತ್ತು. ಕಂಬಗಳ ನೆರಳಲ್ಲಿ, ಬೆಚ್ಚಗಿನ ಹಾಸುಗಲ್ಲಿನ ಮೇಲೆ ರಾಣಿ ಗಿಳಿಯ ದಿಂಬಿಗೆ ತಲೆಯಿಟ್ಟಳು. ಕಡಲಿನ ಗಾಳಿ ಕಂಬಗಳ ನಡುವಿನಿಂದ ಬಂದು ಅವಳ ಮುಂಗುರುಳು ಸರಿಸಿತು. ಒಂದು ಮಾತು ಶುರು ಮಾಡಿದವಳು ಅದನ್ನು ಮುಗಿಸಲೇ ಇಲ್ಲ.

ಬಮ್ಮರಸ ಪಕ್ಕದಲ್ಲಿ ಕೂತು ನೋಡಿದ. ಅಮ್ಮ ನಿದ್ದೆ ಮಾಡುವುದನ್ನು ಅವನು ಹುಟ್ಟಿದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ. ಅವಳು ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಆ ಗೊರಕೆಯಷ್ಟು ಇಂಪಾದದ್ದನ್ನು ಅವನು ಎಂದೂ ಕೇಳಿರಲಿಲ್ಲ.

ರಾಣಿ ಮೂರು ದಿನ ಮಲಗಿದಳು, ಎದ್ದವಳೇ “ಊಟಕ್ಕೇನಿದೆ?” ಎಂದಳು. ಆಮೇಲೆ ಹದಿನೈದು ದಿನ ಅವರು ಯಾವ ಓಲೆಗರಿಯೂ ಇಲ್ಲದೆ ಬೇಕಾದ ಕಂಬ ನೋಡಿದರು, ಬೇಕಾದ ಮರದ ಕೆಳಗೆ ಉಂಡರು. ಪಾಷಾಣಕೇತುವಿನ ಎತ್ತಿದ ಕೈ ಒದ್ದೆ ಬಟ್ಟೆ ಒಣಗಿಸಲು ಬಹಳ ಅನುಕೂಲವಾಗಿತ್ತು. ಊರಿಗೆ ಮರಳಿದ ಮೇಲೆ ಹಸು ಕಳೆದವರ ದೂರನ್ನು ಮಗ ಕೇಳಿದ, ಅತ್ತೆ ಸೊಸೆಯರ ಜಗಳವನ್ನು ತಾಯಿ ಮಗ ಹಂಚಿಕೊಂಡರು. ಎಲ್ಲರೂ ಸುಖವಾಗಿದ್ದರು. ಅವರು ಹೊಟ್ಟೆ ತುಂಬ ಉಂಡು ಕಣ್ತುಂಬ ಮಲಗಿದರು, ಕೇಳಿದ ನೀವೂ ಹಾಗೇ ಮಲಗಿ.