ಎಡಗಡೆಯ ಪ್ಲಗ್ಗು

"ಮತ್ತೆ ಬಂದ್ರಾ?" ಎಂದಳು ಶ್ವೇತ.

ಕೌಂಟರಿನ ಆಚೆ ರಘುನಂದನ್ ನಿಂತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಜೇಬಿನಿಂದ ಕರ್ಚೀಫು ತೆಗೆದು, ಅದರಲ್ಲಿ ಸುತ್ತಿದ್ದ ಸ್ಪಾರ್ಕ್ ಪ್ಲಗ್ಗನ್ನು ದೇವರ ಪ್ರಸಾದದಷ್ಟು ಜೋಪಾನವಾಗಿ ಗಾಜಿನ ಮೇಲಿಟ್ಟ.

"ಇದೇ ತರದ್ದು ಒಂದು ಕೊಡಿ."

ಕೆ.ಆರ್. ಪೇಟೆಯ ಈ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬರುವವರೆಲ್ಲ ಹೀಗೇ. ಹೆಸರು, ನಂಬರು ಯಾರಿಗೂ ಬೇಡ. ಹಳೆಯದನ್ನು ತಂದಿಡುತ್ತಾರೆ, ಅಂಥದ್ದೇ ಕೇಳುತ್ತಾರೆ. ದಿಲೀಪ ಇದ್ದಾಗ ತಿರುಗಿಯೂ ನೋಡದೆ ಕೈ ಹಾಕಿ ತೆಗೆದುಕೊಡುತ್ತಿದ್ದ. ಅವನು ತೀರಿಕೊಂಡ ಮೇಲೆ ಎಂ.ಎಸ್ಸಿ. ಓದಿದ ಅವನ ಹೆಂಡತಿ ಶ್ವೇತ ಅದೇ ಕುರ್ಚಿಯಲ್ಲಿ ಕೂತಳು. ನಟ್ಟು ಬೋಲ್ಟು ಕಲಿತಳು. ಮಿಕ್ಕದ್ದೆಲ್ಲ ಮರಗಟ್ಟಿಹೋಯಿತು. ಯಾರು ಏನಂದರೂ ಅಳು ಬರುತ್ತಿರಲಿಲ್ಲ, ನಗು ಬರುತ್ತಿರಲಿಲ್ಲ, ಸಿಟ್ಟು ಕೂಡ ಬರುತ್ತಿರಲಿಲ್ಲ.

ಈ ಮನುಷ್ಯ ಬರತೊಡಗಿದ ಮೇಲೆ ಸಿಟ್ಟೊಂದು ವಾಪಸು ಬಂದಿತ್ತು.

ಪ್ಲಗ್ಗನ್ನು ಬೆಳಕಿಗೆ ಹಿಡಿದಳು. ತುದಿ ಬಿಸ್ಕತ್ತಿನ ಬಣ್ಣಕ್ಕಿತ್ತು. ಚೆನ್ನಾಗಿ ಉರಿಯುತ್ತಿರುವ ಪ್ಲಗ್ಗಿನ ಬಣ್ಣ.

"ಇದಕ್ಕೇನಾಗಿದೆ ಅಂತ ಬಿಚ್ಚಿದ್ರಿ?"

"ಗಾಡಿಗೆ ಆಗಿದೆಯಲ್ಲ ರೀ. ಸಿಂಧಘಟ್ಟದ ದಾರೀಲಿ ಮುದುಕನ ತರ ಕೆಮ್ಮುತ್ತೆ. ಹೊಸ ಪ್ಲಗ್ಗು ಹಾಕಿದ್ರೆ ನಾಕು ದಿನ ಸರಿ, ಆಮೇಲೆ ಅದೇ ರಾಗ."

ಅವನು ಡೇರಿ ಸೂಪರ್‌ವೈಸರ್. ಊರೂರಿನ ಹಾಲಿನ ಸೊಸೈಟಿ ಸುತ್ತುವ ಕೆಲಸ. ಸೆಕೆಂಡ್ ಹ್ಯಾಂಡ್ ಬೈಕು.

"ಮೆಕ್ಯಾನಿಕ್ಕಿಗೆ ತೋರ್ಸಿ ಅಂತ ಎಷ್ಟು ಸಲ ಹೇಳ್ಲಿ?"

"ಗಾಡಿ ಬುಟ್ಟೋಗಿ ಅಂತಾನೆ. ಬುಟ್ಬುಟ್ಟು ನಾನೇನು ಹಾಲಿನ ಕ್ಯಾನ್ ಮೇಲೆ ಕೂತ್ಕೊಂಡು ಹೋಗ್ಲಾ? ಸ್ಪ್ಯಾನರ್ ಐತೆ, ನಾನೇ ಹಾಕ್ಕೋತೀನಿ."

ಅವನ ಮೂಗಿನ ಮೇಲೆ ಗ್ರೀಸಿನ ಗೆರೆಯೊಂದಿತ್ತು. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಶ್ವೇತ ಮೂರು ಡಬ್ಬಿಗಳನ್ನು ಕುಕ್ಕಿ ಇಟ್ಟಳು.

"ಇದು ಮಾಮೂಲಿದು. ಇದು ತುದಿ ಸಣ್ಣಕ್ಕಿರೋದು, ಬಾಳಿಕೆ ಜಾಸ್ತಿ. ಇದು ನಿಮ್ಮ ಗಾಡಿಗೆ ಕೂರಲ್ಲ."

"ಕೂರದೇ ಇರೋದನ್ನ ಯಾಕೆ ತೋರಿಸ್ತೀರಿ?"

"ಬೇರೆ ಯಾವ್ದಿದೆ, ಬೇರೆ ಯಾವ್ದಿದೆ ಅಂತ ಹೋದ್ಸಲ ಪ್ರಾಣ ತಿಂದ್ರಲ್ಲ, ಅದಕ್ಕೆ."

ಅವನು ಒಂದೊಂದೇ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಡಬ್ಬಿಯ ಮೇಲಿಂದ ಅವಳನ್ನೂ ನೋಡಿದ. "ನಿಮಗೆ ಯಾವ್ದು ಇಷ್ಟ?"

"ಇದು ಸೀರೆ ಅಂಗಡಿ ಅಲ್ಲ."

"ಸೀರೆ ಅಂಗಡೀಲಿ ಇಂಗೆ ಬೈಯಲ್ಲ ಬುಡಿ."

ಒಳಬಾಗಿಲ ಬಳಿ ಸ್ಟೂಲಿನ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದ ಅತ್ತೆ ಚಿಕ್ಕಬೋರಮ್ಮನಿಗೆ ಕೇಳಿ ಕೇಳಿ ಸಾಕಾಗಿರಬೇಕು.

"ಎಲ್ಡು ಕೊಡವ್ವ ಅವನ್ಗೆ, ಹೋಗ್ಲಿ," ಎಂದರು.

"ಎರಡ್ಯಾಕಮ್ಮ?" ಎಂದ ರಘುನಂದನ್.

"ಎಲ್ಡು ಪ್ಲಗ್ಗಿನ ಗಾಡಿ ಅಲ್ವೇನಪ್ಪ ಅದು? ಬಲಕ್ಕೊಂದು, ಎಡಕ್ಕೊಂದು. ಎಡಗಡೇದು ಒಳಿಕ್ಕಿರ್ತದೆ, ಕಾಣಾಕಿಲ್ಲ. ನಮ್ ದಿಲೀಪಂದೂ ಅದೇ ಗಾಡಿ, ಹಿತ್ಲಲ್ಲಿ ನಿಂತೈತೆ. ತುಕ್ಕಿಡೀತದೆ ಅಂತ ಇವಳೇ ಅಲ್ವಾ ಎಲ್ಡೂ ಬಿಚ್ಚಿ ಉಜ್ಜಿ ಹಾಕೋಳು!"

ರಘುನಂದನ್ ಡಬ್ಬಿ ಕೆಳಗಿಟ್ಟ. "ನಿಮಗೆ ಗೊತ್ತಿತ್ತಾ?"

ಶ್ವೇತಳ ಕಿವಿ ಬಿಸಿಯಾಯಿತು.

"ಬೂಕನಕೆರೆ ಕಡೆಯಿಂದ ತಳ್ಕೊಂಡು ಬಂದಿದೀನಿ ರೀ! ಉರಿ ಬಿಸಿಲಲ್ಲಿ! ದಾರೀಲಿ ಯಾರೋ ಹಸ ಹೊಡ್ಕೊಂಡು ಹೋಗ್ತಿದ್ರು. ಆ ಹಸ ನನ್ನ ಹಿಂದಾಕ್ಬುಡ್ತು! ಪ್ರತಿ ಸಲ ಬಂದಾಗ್ಲೂ ಬಲಗಡೇದು ಒಂದು ಕೊಟ್ಟು ಕಳಿಸಿದೀರಿ. ಯಾಕೆ ಹೇಳ್ಲಿಲ್ಲ?"

ನೀವು ಒಂದೇ ಕೇಳಿದಿರಿ ಅನ್ನಬಹುದಿತ್ತು. ಮರೆತೆ ಅನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅವನು ಎರಡು ಪ್ಲಗ್ಗು ಹಾಕಿಕೊಂಡು ಹೋಗುತ್ತಾನೆ, ಗಾಡಿ ಸರಿಹೋಗುತ್ತದೆ. ಆಮೇಲೆ ಬೆವರು ಒರೆಸಿಕೊಳ್ಳುತ್ತ ಈ ಬಾಗಿಲಲ್ಲಿ ನಿಲ್ಲುವುದಿಲ್ಲ. ಬಂದ ಸಿಟ್ಟೂ ಅವನ ಜೊತೆಗೇ ಹೋಗುತ್ತದೆ. ಮತ್ತೆ ಅವೇ ಮರಗಟ್ಟಿದ ಮಧ್ಯಾಹ್ನಗಳು.

"ಕೇಳ್ತಾವ್ನಲ್ಲ, ಯೋಳವ್ವ," ಎಂದರು ಚಿಕ್ಕಬೋರಮ್ಮ. ಮಂಡಿ ಹಿಡಿದುಕೊಂಡು ಎದ್ದರು. "ನಾನು ಕಾಪಿಗಿಡ್ತೀನಿ." ಸೊಸೆಯ ಬೆನ್ನನ್ನೊಮ್ಮೆ ಸವರಿ ಒಳಗೆ ಹೋದರು.

ಆ ಕೈ ಎಲ್ಲವನ್ನೂ ಎಂದಿನಿಂದಲೋ ಬಲ್ಲ ಕೈ. ಅದಕ್ಕೂ ಶ್ವೇತಳಿಗೆ ರೇಗಿತು.

"ಹೇಳಿದ್ರೆ ಅವತ್ತೇ ಎರಡೂ ತಗೊಂಡು ಹೋಗ್ಬುಡ್ತಿದ್ರಿ," ಎಂದಳು. ಜಗಳಕ್ಕೆ ನಿಂತವಳ ಧ್ವನಿಯಲ್ಲೇ ಹೇಳಿದಳು. ಹೇಳಿ ಗಾಜಿನ ಮೇಲಿಲ್ಲದ ಧೂಳನ್ನು ಒರೆಸಿದಳು.

ರಘುನಂದನ್ ಬೀದಿಯಲ್ಲಿ ನಿಂತ ಬೈಕನ್ನು ನೋಡಿದ. ಮತ್ತೆ ಅವಳನ್ನು ನೋಡಿದ. ಈ ಸಲ ಡಬ್ಬಿಯ ಮರೆಯಿಲ್ಲದೆ.

"ನಮ್ಮ ಆಫೀಸಿನ ಎದುರಿಗೇ ಒಂದು ಸ್ಪೇರ್ ಅಂಗಡಿ ಐತೆ," ಎಂದ ಮೆಲ್ಲಗೆ. "ಅಲ್ಲಿ ಕೂತಿರೋರು ಯಾರಿಗೂ ಬೈಯಲ್ಲ. ನಾನ್ಯಾಕೆ ತಳ್ಕೊಂಡು ಇಲ್ಲಿಗೇ ಬರ್ತೀನಿ ಅಂದ್ಕೊಂಡಿದ್ರಿ?"

ಶ್ವೇತ ಗಾಜು ಒರೆಸುವುದನ್ನು ನಿಲ್ಲಿಸಿದಳು.

"ಮೂಗಿನ ಮೇಲೆ ಗ್ರೀಸ್ ಇದೆ. ಒರೆಸ್ಕೊಳ್ಳಿ ಮೊದ್ಲು."

ಅವನು ಪ್ಲಗ್ಗು ಸುತ್ತಿ ತಂದಿದ್ದ ಕರ್ಚೀಫಿನಿಂದಲೇ ಒರೆಸಿಕೊಂಡ. ಮೂಗಿನ ಮಸಿ ಕೆನ್ನೆಗೂ ಬಂತು.

"ಅಯ್ಯೋ, ಅದರಲ್ಲಲ್ಲ!" ಕೌಂಟರು ಸುತ್ತಿ ಆಚೆ ಬಂದು ಬಿಳೀ ಬಟ್ಟೆಯೊಂದನ್ನು ಅವನ ಕೈಗೆ ತುರುಕಿದಳು. ಕೊಟ್ಟ ಬೆರಳು ತಕ್ಷಣ ವಾಪಸು ಬರಲಿಲ್ಲ. ಅವನೂ ಬಟ್ಟೆ ಎಳೆದುಕೊಳ್ಳಲಿಲ್ಲ.

ಆಮೇಲೆ ಎರಡು ಡಬ್ಬಿಗಳನ್ನು ಅವನ ಮುಂದೆ ತಳ್ಳಿದಳು. ಅವನು ಒಂದನ್ನು ಮಾತ್ರ ತೆಗೆದುಕೊಂಡು ಇನ್ನೊಂದನ್ನು ಹಿಂದಕ್ಕೆ ಸರಿಸಿದ.

"ಇದಕ್ಕೆ ಸೋಮವಾರ ಬರ್ತೀನಿ."

"ರೀ, ಎರಡೂ ಹಾಕ್ಕೊಳ್ರೀ! ಬರೋದಕ್ಕೆ ಗಾಡಿ ಕೆಡ್ಲೇಬೇಕಾ?"

"ಸಕ್ರೆ ಎಷ್ಟಾಕ್ಲಿ ಅಂತ ಕೇಳವ್ವ ಅವನ್ಗೆ!" ಒಳಗಿನಿಂದ ಅತ್ತೆ ಕೂಗಿದರು.

"ನೀವೇ ಬಂದು ಕೇಳ್ಕೊಳ್ಳಿ ಅತ್ತೆ!" ಎಂದು ರೇಗಿದ ಶ್ವೇತ, ರೇಗುತ್ತ ರೇಗುತ್ತಲೇ ನಕ್ಕುಬಿಟ್ಟಳು.