ಹೇವರ್ಡ್ ಮನೆತನದ ಸೀಳುಕಡ್ಡಿ

ಭಾನುವಾರದ ಪ್ರಾರ್ಥನೆ ಮುಗಿಸಿ ಬಂದು ನೋಡುತ್ತೇನೆ, ಚರ್ಚಿನ ಹಿಂದಿನ ಕೋಣೆಯ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಒಳಗಿದ್ದ ಊರಿನ ಹಳೇ ಕಡತ ಮಾಯ. ಚರ್ಚಿನ ಗಂಟೆ ಬಾರಿಸುವವನೂ ನಾನೇ, ಬೀಗದ ಕೈ ಇಟ್ಟುಕೊಂಡವನೂ ನಾನೇ. ಅಂದು ಹಿಂಬಾಗಿಲಿಗೆ ಚಿಲಕ ಹಾಕಲು ಮರೆತವನೂ ನಾನೇ ಎನ್ನುವುದನ್ನು ನೆನೆದರೆ ಇಂದಿಗೂ ಮೈಯೆಲ್ಲ ಉರಿಯುತ್ತದೆ.

ಕಡತ ಹೋದ ಏಟು ಬಿದ್ದದ್ದು ಮಾತ್ರ ಎಪ್ಪತ್ತು ದಾಟಿದ ಕೆಜಾಯ ಹೇವರ್ಡ್‌ಗೆ. ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯ ನಮ್ಮ ಹಳ್ಳಿಯಲ್ಲಿ ಬೀಡಾಡಿ ದನಗಳನ್ನು ಕೂಡುವ ದೊಡ್ಡಿಯನ್ನು ಅವಳು ನೋಡಿಕೊಳ್ಳುತ್ತಿದ್ದಳು. ಅದರ ಪಕ್ಕದ ಮನೆ ಆ ಕೆಲಸಕ್ಕೆಂದು ಬಿಟ್ಟದ್ದು. ಜಮೀನ್ದಾರರ ಏಜೆಂಟ್ ಸ್ಕ್ಯಾಮೆಲ್, ಆ ಕೆಲಸ ಎಂದೋ ಸತ್ತುಹೋಗಿದೆ, ಮನೆ ಖಾಲಿ ಮಾಡಿ ಎಂದು ನೋಟಿಸು ಕೊಟ್ಟಿದ್ದ. ಬುಧವಾರ ವಿಚಾರಣೆ. ಹೇವರ್ಡ್ ಎಂದರೆ ಬೇಲಿ ಕಾಯುವವನು, ಬೆಳೆಗೆ ನುಗ್ಗಿದ ದನವನ್ನು ಹಿಡಿದು ಕೂಡುವವನು. ಆ ಕೆಲಸದಿಂದಲೇ ಆ ಮನೆತನಕ್ಕೆ ಹೆಸರೂ ಬಂತು, ಮನೆಯೂ ಬಂತು ಎಂದು ಕಡತದಲ್ಲಿತ್ತು. ಮುದುಕಿಗೆ ಬೇರೆ ಆಧಾರವೇ ಇರಲಿಲ್ಲ.

ಊರಿನ ಕಗ್ಗಂಟುಗಳನ್ನೆಲ್ಲ ಬಿಡಿಸುವ ನಿವೃತ್ತ ಶಿಕ್ಷಕಿ ಮಿಸ್ ಡ್ರೇಕಟ್ ಬಳಿಗೆ ಓಡಿದೆ. ಅವರ ಛತ್ರಿ ಹೊತ್ತು ಹಿಂದೆ ಸುತ್ತುವುದು ಹದಿನೆಂಟು ವರ್ಷಗಳಿಂದ ನನ್ನ ಕೆಲಸ. ಪ್ರಾರ್ಥನೆಯ ಹೊತ್ತಿಗೆ ಚರ್ಚಿನಲ್ಲಿ ಕಾಣದವರು ಇಬ್ಬರೇ: ಸ್ಕ್ಯಾಮೆಲ್, ಮತ್ತೆ ಕೆಜಾಯಳ ಅಣ್ಣನ ಮಗ ಲಯನೆಲ್.

"ಸ್ಕ್ಯಾಮೆಲ್‌ದೇ ಕೆಲ್ಸ ಟೀಚರಮ್ಮ. ಹೋಗಿ ಹಿಡ್ಕೊಳ್ಳೋಣ" ಎಂದೆ.

"ಜೋಬ್, ಸುಮ್ನೆ ಕುಣೀಬೇಡ" ಎಂದವರೇ ಸೋಮವಾರ ಬೆಳಿಗ್ಗೆ ಕೆಜಾಯಳ ಅಡುಗೆಮನೆಗೆ ಹೋಗಿ ಟೀ ಕುಡಿಯುತ್ತ ಕೂತರು. ಕಿಟಕಿಯ ಕಟ್ಟೆಯ ಮೇಲೆ ಎರಡು ಹೋಳು ಕಡ್ಡಿಯನ್ನು ಜೋಡಿಸಿ ದಾರ ಸುತ್ತಿಟ್ಟಿತ್ತು.

"ಇದು ಯಾವಾಗಿನದು?"

"ನಿನ್ನೇದು ಕಣಮ್ಮ. ಪ್ರಾರ್ಥನೆ ಮುಗಿಸ್ಕೊಂಡು ಬಂದೆ, ರೈತ ಸ್ಲೇಡ್‌ನ ಕಡಸು ದೊಡ್ಡೀಲಿತ್ತು, ಅರ್ಧ ಕಡ್ಡಿ ಹೊಸ್ತಿಲ ಮೇಲಿತ್ತು. ದನ ತಂದವರು ಕಡ್ಡಿ ಸೀಳಿ ಅರ್ಧ ನನಗೆ ಬಿಟ್ಟು ಇನ್ನರ್ಧ ತಾವಿಟ್ಕೋತಾರೆ. ದನದ ಒಡೆಯ ಅವರನ್ನ ಸಮಾಧಾನ ಮಾಡಿ ಅದನ್ನ ಇಸ್ಕೊಂಡು ಬರ್ಬೇಕು. ಎರಡೂ ಕೂಡಿದ್ರೇನೇ ನಾನು ಗೇಟು ತೆಗೆಯೋದು. ಸಂಜೆಗೆ ಮುಂಚೆ ಸ್ಲೇಡ್ ಇನ್ನರ್ಧ ತಂದ, ಕಡಸು ಹೊಡ್ಕೊಂಡು ಹೋದ."

ಕಡತ ಕಳೆದು ಮುದುಕಿ ಬೀದಿಗೆ ಬೀಳುವ ಹೊತ್ತಿನಲ್ಲಿ ಕಡಸಿನ ಪುರಾಣ! ನಾನು ಹಲ್ಲು ಕಡಿದೆ.

ಮಧ್ಯಾಹ್ನ ಲಯನೆಲ್‌ನನ್ನು ನಾನೇ ವಿಚಾರಿಸಿದೆ. ಬಾತ್ ಪಟ್ಟಣದ ಗಿರಣಿ ಮಾಲೀಕನ ಮಗಳೊಡನೆ ಅವನ ಮದುವೆ ಗೊತ್ತಾಗಿತ್ತು. ಹೇವರ್ಡರು ನಾರ್ಮನ್ ಸರದಾರನ ವಂಶದವರೆಂದು ಹೇಳಿಕೊಂಡು ಬೆರಳಲ್ಲಿ ಮುದ್ರೆಯುಂಗುರ ತಿರುಗಿಸುತ್ತಿದ್ದ.

"ಪ್ರಾರ್ಥನೆ ಹೊತ್ತಲ್ಲಿ ಸ್ಲೇಡ್‌ನ ಕಡಸು ಹಿಡಿದು ದೊಡ್ಡಿಗೆ ಕೂಡಿದ್ದು ನಾನೇ ಮಾರಾಯ" ಎಂದು ಜೇಬಿನಿಂದ ಅರ್ಧ ಕಡ್ಡಿ ತೆಗೆದು ನನ್ನ ಕೈಗಿಟ್ಟ. ಸ್ಕ್ಯಾಮೆಲ್ ಮಾತ್ರ, "ಎಲ್ಲಿದ್ದೆ ಅಂತ ಗಂಟೆ ಹೊಡೆಯೋನಿಗೆ ಲೆಕ್ಕ ಕೊಡ್ಬೇಕಾ?" ಎಂದು ಬಾಗಿಲು ಹಾಕಿಕೊಂಡ. ಇನ್ನೇನು ಬೇಕು! ಆದರೂ ಮಿಸ್ ಡ್ರೇಕಟ್ ನಾನು ತಂದುಕೊಟ್ಟ ಕಡ್ಡಿಯನ್ನು ಕೈಚೀಲಕ್ಕೆ ಹಾಕಿಕೊಂಡರು, ಅಷ್ಟೇ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಮಂಗಳವಾರ ಸಂಜೆ ಮಿಸ್ ಡ್ರೇಕಟ್, ಸ್ಲೇಡ್‌ನನ್ನೂ ಸೇರಿಸಿ ಎಲ್ಲರನ್ನೂ ಪಾದ್ರಿಗಳ ಮನೆಗೆ ಕರೆಸಿದರು.

"ಲಯನೆಲ್, ಕಡಸು ತಂದವರ ಅರ್ಧ ಕಡ್ಡಿ ಸ್ಲೇಡ್ ಕೈಸೇರಿ ನಿಮ್ಮತ್ತೆ ಮನೆ ಕಿಟಕೀಲಿ ಕೂತಿತ್ತು, ಇಗೋ ಈಗ ಅವರ ಕೈಲಿದೆ. ಕಡಸು ಮನೆಗೆ ಹೋದ್ಮೇಲೂ ನಿನ್ನ ಜೇಬಲ್ಲಿ ಕಡ್ಡಿ ಉಳಿದದ್ದು ಹೇಗಪ್ಪ? ನೀನು ದೊಡ್ಡೀಲಿ ಕಡಸು ನೋಡ್ದೆ, ನೆಪ ಸಿಕ್ತು ಅಂತ ಒಂದು ಕಡ್ಡಿ ಸೀಳ್ದೆ. ಆ ಅರ್ಧ ಒಡೆಯನ ಕೈಸೇರದೆ ಕಡಸು ಹೊರಗೆ ಬರೋಲ್ಲ ಅನ್ನೋದು ಊರಿನ ಮಕ್ಕಳಿಗೆಲ್ಲ ಗೊತ್ತಿರೋ ಪದ್ಧತಿ. ಹೇವರ್ಡ್ ಅಂದ್ರೇನು ಅಂತ ಕಲಿಯೋಕೆ ನಾಚಿಕೊಂಡ ಹೇವರ್ಡ್ ಒಬ್ಬನಿಗೇ ಗೊತ್ತಿಲ್ಲ."

ಲಯನೆಲ್ ಉಂಗುರ ತಿರುಗಿಸುವುದನ್ನು ನಿಲ್ಲಿಸಿದ. "ವಿಚಾರಣೆಗೆ ಪತ್ರಿಕೆಯವರು ಬರ್ತಾರೆ. ದನ ಕಾಯೋರ ವಂಶ ಅಂತ ಮಾವನಿಗೆ ಗೊತ್ತಾದ್ರೆ ಮದುವೆ ಮುರಿಯುತ್ತೆ. ಅದಕ್ಕೇ ಕಡತ ಕದ್ದು ಸುಟ್ಟುಬಿಟ್ಟೆ. ಅತ್ತೇನ ನಾನೇ ಸಾಕ್ತಿದ್ದೆ."

ಐನೂರು ವರ್ಷದ ಕಡತ, ಒಂದು ಉಂಗುರದ ಜಂಭಕ್ಕೆ! ನಾನು ಅವನ ಕತ್ತಿನ ಪಟ್ಟಿಗೆ ಕೈ ಹಾಕುವುದರಲ್ಲಿದ್ದೆ, ಪಾದ್ರಿಗಳು ತಡೆದರು.

ಸ್ಕ್ಯಾಮೆಲ್ ಎದ್ದು ಟೋಪಿ ಹಾಕಿಕೊಂಡ. "ಬೂದಿ ತಗೊಂಡು ಬನ್ನಿ ನಾಳೆ, ಓದೋಣ."

"ಕೂತ್ಕೊಳ್ಳಿ" ಎಂದರು ಮಿಸ್ ಡ್ರೇಕಟ್. "ಸ್ಲೇಡ್, ಅರ್ಧ ಕಡ್ಡಿ ನಿನಗೆ ಕೊಟ್ಟೋರು ಯಾರು?"

ಸ್ಲೇಡ್ ಟೋಪಿ ಹಿಂಡಿದ. "ಹೇಳ್ಬೇಡ ಅಂದಿದ್ರು, ನಾನು ಅವರ ಒಕ್ಕಲು. ಆದ್ರೆ ಪಾದ್ರಿಗಳ ಮುಂದೆ ಸುಳ್ಳಾಡಲ್ಲ. ಸ್ಕ್ಯಾಮೆಲ್ ಸಾಹೇಬ್ರು. ಅವರ ಗೋದಿಗೆ ನನ್ನ ಕಡಸು ನುಗ್ಗಿತ್ತು."

"ಅದಕ್ಕೇ ಎಲ್ಲಿದ್ರಿ ಅಂತ ನೀವು ಬಾಯಿ ಬಿಡಲಿಲ್ಲ" ಎಂದರು ಟೀಚರಮ್ಮ. "ಸತ್ತುಹೋದ ಕೆಲಸ ಅಂತೀರಿ. ಹಾಗಾದ್ರೆ ಕಡ್ಡಿ ಸೀಳಿ ಯಾರ ಹೊಸ್ತಿಲ ಮೇಲಿಟ್ರಿ ಸ್ವಾಮಿ?"

ಸ್ಕ್ಯಾಮೆಲ್ ಟೋಪಿ ತೆಗೆದು ಕೂತ. ಆ ಕೆಲಸ ಇನ್ನೂ ನಡೆಯುತ್ತಿದೆ ಎಂದು ಹೇಳಲು ನಾಳೆ ತಾವೂ ಸ್ಲೇಡ್ ಜೊತೆ ಸಾಕ್ಷಿಗೆ ಬರುವುದಾಗಿ ಪಾದ್ರಿಗಳು ಹೇಳಿದರು. ಕೆಜಾಯ ದಾರ ಸುತ್ತಿದ ಕಡ್ಡಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಎದ್ದಳು. ಲಯನೆಲ್ ಅಡ್ಡ ಬಂದ.

"ಅತ್ತೆ, ಒಂದು ಮಾತಾಡು."

ಅವಳು ಮಿಸ್ ಡ್ರೇಕಟ್ ಕೈಯಿಂದ ಅವನ ಅರ್ಧ ಕಡ್ಡಿಯನ್ನು ತೆಗೆದುಕೊಂಡು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಇದಕ್ಕೆ ಜೋಡಿ ನನ್ನ ಹತ್ರ ಇಲ್ಲ ಕಣೋ" ಎಂದು ಬಾಗಿಲು ದಾಟಿದಳು.