ಗಿರಣಿಯ ಸೋಮಲಿಂಗನ ಹೊಟ್ಟೆಕಿಚ್ಚು

ವಿಜಯಲಕ್ಷ್ಮಿ ನಕ್ಕಳು. ನಕ್ಕದ್ದು ಪರಶುರಾಮ ಸರ್ ಮಾತಿಗೆ. ರಸ್ತೆಯಾಚೆ ಗಿರಣಿಯ ಬಾಗಿಲಲ್ಲಿ ನಿಂತಿದ್ದ ಸೋಮಲಿಂಗನಿಗೆ ಆ ಮಾತು ಕೇಳಿಸಲಿಲ್ಲ, ನಗು ಮಾತ್ರ ಕಾಣಿಸಿತು. ಅಷ್ಟೇ ಸಾಕಾಯಿತು.

ಹುಕ್ಕೇರಿಯ ಅಂಚಿನ ಆ ಓಣಿಯಲ್ಲಿ ಮೊದಲು ಕೂಲಿಯವರೇ ಹೆಚ್ಚು. ಬೆಳಗಾದರೆ ಹೆಂಗಸರು ಜೋಳದ ಬುಟ್ಟಿ ಹೊತ್ತು ಗಿರಣಿಗೆ ಸಾಲುಗಟ್ಟುತ್ತಿದ್ದರು. ಆಮೇಲೆ ಹತ್ತಿರದಲ್ಲೇ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂತು. ಬಾಡಿಗೆ ಏರಿ, ಹಳೆಯ ಮಂದಿ ಒಬ್ಬೊಬ್ಬರಾಗಿ ದೂರ ಹೋದರು. ಅವರಿದ್ದ ಮನೆಗಳ ಮೇಲೆ ಮಹಡಿ ಎದ್ದವು, ಪಿಜಿ ಬೋರ್ಡು ಬಂದವು. ಪಿಜಿ ಹುಡುಗರು ಜೋಳ ಬೀಸಿಸುವುದಿಲ್ಲ, ರೊಟ್ಟಿ ತಿನ್ನುತ್ತಾರೆ. ಹೀಗೆ ಗಿರಣಿ ಸೊರಗಿತು. ವಿಜಯಲಕ್ಷ್ಮಿ ತನ್ನ ಅವ್ವ ಯಲ್ಲವ್ವನ ಜೊತೆ ತೆರೆದ ಖಾನಾವಳಿ ತುಂಬಿತು.

ಅವಳ ಜೋಳ ಬೀಸುವುದೇ ಈಗ ಸೋಮಲಿಂಗನಿಗೆ ದೊಡ್ಡ ಕೆಲಸ. ಹಿಟ್ಟು ಮೆತ್ತಿದ ಅವನ ಮೀಸೆ ನೋಡಿ, "ಈಗ ಮುದುಕ ಆದಿ ನೋಡು," ಎಂದು ಕಣ್ಣಲ್ಲೇ ಒರೆಸುವವಳಂತೆ ನೋಡುತ್ತಿದ್ದಳು. ವರ್ಷಗಳಿಂದ ಇದೇ ಚೇಷ್ಟೆ. ಬಾಯಿಬಿಟ್ಟು ಇಬ್ಬರೂ ಏನೂ ಹೇಳಿರಲಿಲ್ಲ.

ಪರಶುರಾಮ ಸರ್ ಕೌಜಲಗಿಯವರು, ಕ್ಯಾಂಪಸ್ಸಿನಲ್ಲಿ ಇತಿಹಾಸ ಕಲಿಸುತ್ತಾರೆ. ಇಸ್ತ್ರಿ ಅಂಗಿ, ತಿಂಗಳಿಗೆ ತಪ್ಪದ ಪಗಾರ. ಖಾನಾವಳಿಯಲ್ಲಿ ಊಟ ಮುಗಿದರೂ ಅವರು ಏಳುತ್ತಿರಲಿಲ್ಲ.

ಆ ಮಧ್ಯಾಹ್ನ ಅವಳು ಗಿರಣಿಗೆ ಬಂದಳು. "ನನ್ನ ಹಿಟ್ಟ ಆತೇನ?"

"ಇಲ್ಲ. ಸರ್ ಕೂಡ ನಗೂದು ಮುಗೀತೇನ?"

"ಏನಂದಿ?"

"ರೊಟ್ಟಿ ಅಷ್ಟ ಮಾರ್ತಿ ಅನ್ಕೊಂಡಿದ್ದೆ. ಈಗ ನಗೂನೂ ಮಾರಾಕತ್ತಿ."

ಅಂದ ಕೂಡಲೇ ಅವನು ನಾಲಿಗೆ ಕಚ್ಚಿಕೊಂಡ. ಅವಳು ಬೀಸದ ಜೋಳದ ಚೀಲವನ್ನೇ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು.

ನಾಲ್ಕು ದಿನ ಅವಳ ಜೋಳ ಬಸ್‌ಸ್ಟ್ಯಾಂಡಿನ ಗಿರಣಿಗೆ ಹೋಯಿತು. ಐದನೆಯ ದಿನ ಯಲ್ಲವ್ವ ಬಂದಳು.

"ಸರ್ ನಮ್ಮ ವಿಜೀನ್ನ ಮದಿವಿಗೆ ಕೇಳ್ಯಾರಪಾ. ಅವರ ಮನ್ಯಾಗೂ ಒಪ್ಯಾರಂತ. ಆಕಿ ಬಾಯಿ ಬಿಡವಲ್ಲಳು. ನೀನರ ಒಂದ್ ಮಾತ ಹೇಳು."

ಸೋಮಲಿಂಗ ರಸ್ತೆ ದಾಟಿದ. ಖಾನಾವಳಿ ಖಾಲಿಯಾಗಿತ್ತು. ಅವಳು ಹಿಂದಿನ ಕಟ್ಟೆಯ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ.

"ನಿಮ್ಮವ್ವ ಕಳಸ್ಯಾಳು. ಸರ್ ಛಲೋ ಮನಶ್ಯಾ. ಪಗಾರ ಐತಿ..."

"ಹೇಳಿ ಆತಲ್ಲ? ಹೋಗು."

ಅವನು ಹೋಗಲಿಲ್ಲ. "ಆವತ್ತ ಅಂದದ್ದು ತಪ್ಪಾತು, ವಿಜಿ. ಸರ್ ಮ್ಯಾಲ ಅಷ್ಟ ಅಲ್ಲ, ಖರೆ ಅಂದ್ರ ನಿನ್ನ ಮ್ಯಾಲೂ ಹೊಟ್ಟಿಕಿಚ್ಚು ನನಗ. ನಿನ್ನ ಖಾನಾವಳಿ ತುಂಬಾಕತ್ತೈತಿ, ನನ್ನ ಗಿರಣಿ ಬಂದ್ ಆಗೂವಂಗ ಐತಿ. ಯಾವ ಬಾಯಿಲೆ ನಿನ್ನ ಕೇಳ್ಲಿ?"

ಅವಳ ಕೈ ನಿಂತಿತು. "ಇದ ಬಾಯಿಲೆ ಕೇಳು."

"ನನ್ನ ಮದಿವಿ ಆಗ್ತಿಯೇನ?"

"ಖಾನಾವಳಿ ಬಿಡಂಗಿಲ್ಲ ನಾ."

"ಬಿಡಬ್ಯಾಡ."

"ಮಂದಿ ಕೂಡ ನಗೂದೂ ಬಿಡಂಗಿಲ್ಲ."

"ಸುಡತೈತಿ. ಆದ್ರೂ ಬಿಡಬ್ಯಾಡ."

ಸಿಟ್ಟಿನಲ್ಲಿ ಬಿಗಿದಿದ್ದ ಅವಳ ತುಟಿ ಸಡಿಲಿತು. ಒದ್ದೆ ಕೈಯಲ್ಲೇ ಅವನ ಕೈ ಎಳೆದು ಪಕ್ಕ ಕೂರಿಸಿಕೊಂಡಳು. "ಇಷ್ಟ ಹೇಳಾಕ ಇಷ್ಟ ವರ್ಷ ಬೇಕಾತು?" ಎಂದಾಗ ಅವಳ ಕಣ್ಣು ತುಂಬಿದ್ದವು.

ಪರಶುರಾಮ ಸರ್‌ಗೆ ಮರುದಿನ ಅವಳೇ ಹೇಳಿದಳು. ಅವರು ಊಟ ಪೂರ್ತಿ ಮಾಡಿ, ಕೈ ಮುಗಿದು ಎದ್ದರು. ಮತ್ತೆ ಬರಲಿಲ್ಲ.

ಸರ್ ಕೂರುತ್ತಿದ್ದ ಜಾಗವನ್ನು ವಿಜಯಲಕ್ಷ್ಮಿ ವಾರವೆಲ್ಲ ನೋಡುತ್ತಿದ್ದಳು. "ಪಾಪ, ಭಾಳ ಛಲೋ ಮಾತಾಡ್ತಿದ್ರು," ಎಂದಳು ಒಮ್ಮೆ.

ಸೋಮಲಿಂಗನ ಎದೆಯಲ್ಲಿ ಅದೇ ಕಿಚ್ಚು ಮತ್ತೆ ಎದ್ದಿತು. ಅವನು ಅದನ್ನು ನುಂಗಿಕೊಂಡ.

"ಹೌದು," ಎಂದ. "ಏನ್ ಮಾತಾಡ್ತಿದ್ರು? ನನಗೂ ಹೇಳು."

ಅವಳು ಅವನತ್ತ ತಿರುಗಿ ಕೂತು ಹೇಳತೊಡಗಿದಳು.